ಪಡಸಾಲೆಯ ಗಿಳಿಗಳು

ಹಿಮಾಯತ್‌ನಗರದ ಆ ಹಳೆಯ ಮನೆಯನ್ನು ಕಟ್ಟಿಸಿದ್ದು ಶಿವದೇವಿಯವರ ಮಾವ. ಎಂಬತ್ತರ ದಶಕದಲ್ಲಿ ಅದರ ರಿಪೇರಿ ಮುಗಿಯುತ್ತ ಬಂದಾಗ, ಮನೆಗಳ ಒಳಾಂಗಣ ವಿನ್ಯಾಸ ಕಲಿತಿದ್ದ ಶಿವದೇವಿಯವರ ಸೊಸೆ ಸುವರ್ಣ ಪಡಸಾಲೆಯ ಟ್ಯೂಬ್‌ಲೈಟುಗಳನ್ನೆಲ್ಲ ತೆಗೆಸಿಬಿಟ್ಟಳು.

“ಮನಿ ಅಂದ್ರ ಝಗಝಗ ಬೆಳಕಿರಬೇಕು. ಬಂದ ಬೀಗರು ಕತ್ತಲ್ಯಾಗ ಎಡವಿ ಬೀಳಬೇಕೇನು?” ಎಂದು ಶಿವದೇವಿ ಮುಖ ಗಂಟಿಕ್ಕಿದರು.

“ಒಂದ್ ಸಂಜಿ ನೋಡ್ರಿ ಅತ್ತಿ. ಮನಸಿಗಿ ಸೇರಲಿಲ್ಲಂದ್ರ ನಾನೇ ಟ್ಯೂಬ್ ಹಚ್ಚಿಸ್ತೀನಿ,” ಎಂದಳು ಸುವರ್ಣ.

ಹೊತ್ತು ಮುಳುಗಿದ ಮೇಲೆ ಅವಳು ಸ್ವಿಚ್ ಒತ್ತಿದಳು. ಗೋಡೆಯ ಅಂಚಿನಲ್ಲಿ ಮರೆಯಾಗಿದ್ದ ಹಳದಿ ದೀಪಗಳು ಬೆಳಕನ್ನು ಮೇಲಕ್ಕೆ ಚೆಲ್ಲಿದವು. ರಿಪೇರಿಯಲ್ಲಿ ವರ್ಷಗಳ ಮಸಿ ತೊಳೆದಿದ್ದ ಎತ್ತರದ ಮರದ ಚಾವಣಿಯಲ್ಲಿ ಬಣ್ಣದಲ್ಲಿ ಬರೆದ ದ್ರಾಕ್ಷಿ ಬಳ್ಳಿಯೂ ಹಸಿರು ಗಿಳಿಗಳೂ ಎದ್ದು ಕಂಡವು. ಕಂದೀಲಿನ ಬೆಳಕಾಗಲಿ ಟ್ಯೂಬ್‌ಲೈಟಿನದಾಗಲಿ ಅಷ್ಟು ಮೇಲಕ್ಕೆ ಎಂದೂ ಹೋಗಿರಲಿಲ್ಲ.

ಶಿವದೇವಿ ಕತ್ತೆತ್ತಿ ನಿಂತೇಬಿಟ್ಟರು. “ಮದಿವ್ಯಾಗಿ ಬಂದಾಗಿಂದ ಇದರ ಕೆಳಗ ಅಡ್ಡಾಡಾಕತ್ತೀನಿ. ಈ ಗಿಳಿ ಒಮ್ಮಿನೂ ಕಣ್ಣಿಗಿ ಬಿದ್ದಿಲ್ಲ ನೋಡು,” ಎಂದರು.

ಮರುಗಳಿಗೆ ಅವರು ಚಾಪೆ ಹಾಸಿ ಪಡಸಾಲೆಯಲ್ಲೇ ಅಂಗಾತ ಮಲಗಿದರು. ನೆರೆಮನೆಯ ಶಾರದಾಬಾಯಿಯನ್ನೂ ಕರೆಸಿ, ಪಕ್ಕದಲ್ಲಿ ಮಲಗಿಸಿಕೊಂಡು, ಒಂದೊಂದೇ ಗಿಳಿ ತೋರಿಸತೊಡಗಿದರು. ಚಹಾ ತಂದ ಸುವರ್ಣಳಿಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡ. ಇಲ್ಲಿ ಈ ಬೆಳಕೇ ಇರ್ಲಿ,” ಎಂದರು ಶಿವದೇವಿ ಮಲಗಿದಲ್ಲಿಂದಲೇ. “ಆದರ ಅಡಗಿ ಮನ್ಯಾಗ ಟ್ಯೂಬೇ ಬೇಕು. ಅಕ್ಕ್ಯಾಗಿನ ಹಳ್ಳು ಕಾಣಬೇಕವ್ವಾ.”

“ಅಲ್ಲಿ ಮೊದಲೇ ಹಚ್ಚಿಸೀನ್ರಿ,” ಎಂದು ಸುವರ್ಣ ತಾನೂ ಚಾಪೆಯ ತುದಿಗೆ ಒರಗಿದಳು.