ಮರಳು ಹಾಕದ ಮೆಟ್ಟಿಲು

ಅತ್ತಿಗೆ ಕೇಳಿದ್ದು ಇಷ್ಟೇ: ಮೆಟ್ಟಿಲಿನ ತುಕ್ಕು ತೆಗೆ, ಕಪ್ಪು ಬಣ್ಣ ಬಳಿ, ಕೊನೆಯ ಕೋಟು ಹಸಿಯಾಗಿರುವಾಗ ಮೇಲೆ ಸಣ್ಣ ಮರಳು ಉದುರಿಸು, ಕಾಲು ಜಾರದ ಹಾಗೆ ಒರಟಾಗಿರಲಿ. ಇದರಲ್ಲಿ ಅರ್ಥವಾಗದ ಮಾತು ಯಾವುದಿದೆ ಹೇಳಿ? ಬೇರೆ ಯಾವ ಪೇಂಟರಿಗೆ ಹೇಳಿದ್ದರೂ ಹೇಳಿದಷ್ಟು ಮಾಡಿ ಕೈ ತೊಳೆದುಕೊಳ್ಳುತ್ತಿದ್ದ. ಆದರೆ ಅವಳು ಹೇಳಿದ್ದು ಕನ್ನಡಿಗೆ.

ಕನ್ನಡಿ ಎನ್ನುವುದು ಅವಳ ಮೈದುನನಿಗೆ ಗ್ಯಾರೇಜು ಸಾಲಿನವರು ಇಟ್ಟ ಹೆಸರು. ಎಲ್ಲೋ ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲನ್ನು ಅವನ ಕೈಗೆ ಕೊಟ್ಟರೆ, ವಾಪಸು ಪಡೆಯುವ ಹೊತ್ತಿಗೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಅವನಿಗೂ ಆ ಹೆಸರಿನ ಮೇಲೆ ಸ್ವಲ್ಪ ಜಂಬವಿತ್ತು ಅನ್ನಿ. ಎಲ್ಲರೂ ಹೊಗಳಿದರೂ ಹೊಗಳದೆ ಉಳಿದವನು ಒಬ್ಬನೇ, ಅವನ ಒಡಹುಟ್ಟಿದ ಅಣ್ಣ.

ಅಣ್ಣನದು ಮನೆಗೇ ಅಂಟಿಕೊಂಡ ಲಾಂಡ್ರಿ. ಲಾಡ್ಜು, ಆಸ್ಪತ್ರೆಗಳ ಹಾಸಿಗೆ ಬಟ್ಟೆ ತಂದು, ಒಗೆದು, ಇಸ್ತ್ರಿ ಮಾಡಿ ಮುಟ್ಟಿಸುವ ಕೆಲಸ. ದುಡಿಮೆಗಾರ, ಬಾಯಿ ಮಾತ್ರ ಹಿಡಿತದಲ್ಲಿಲ್ಲ. ಕೆಲವು ವರ್ಷಗಳ ಹಿಂದೆ ನೆಂಟರೆಲ್ಲ ಸೇರಿದ್ದ ಊಟದಲ್ಲಿ ಯಾರೋ ತಮ್ಮನ ಕೆಲಸವನ್ನು ಕೊಂಡಾಡಿದಾಗ, ಇವನದೆಲ್ಲ ಮೇಲಿನ ಥಳುಕು, ಒಳಗೇನಿದೆ ಅಂತ ಕೇಳಬೇಡಿ ಎಂದು ಎಲ್ಲರೆದುರು ಆಡಿಬಿಟ್ಟ. ನಕ್ಕವರು ನಕ್ಕು ಮರೆತರು. ಕನ್ನಡಿ ಮರೆಯಲಿಲ್ಲ. ಅರ್ಧ ಊಟಕ್ಕೇ ಎದ್ದು ಹೋದವನು ಮತ್ತೆ ಅಣ್ಣನ ಹೊಸ್ತಿಲು ತುಳಿಯಲಿಲ್ಲ. ಅಣ್ಣನೂ ಬಾ ಎನ್ನಲಿಲ್ಲ. ಅಪ್ಪನಿಂದ ಇಬ್ಬರಿಗೂ ಸಮಪಾಲು ಬಂದ ಆಸ್ತಿಯೆಂದರೆ ಆ ಹಠ ಒಂದೇ.

ನಡುವೆ ಸಿಕ್ಕಿ ನಲುಗಿದವಳು ಅತ್ತಿಗೆ. ಕನ್ನಡಿ ಇನ್ನೂ ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದಾಗ ಆ ಮನೆಗೆ ಸೊಸೆಯಾಗಿ ಬಂದವಳು. ತಾಯಿಯಿಲ್ಲದ ಹುಡುಗನಿಗೆ ಉಣ್ಣಿಸಿದ್ದು, ಬೈದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅವಳೇ. ಲಾಂಡ್ರಿಯ ಪಿಕಪ್ ಗಾಡಿ ಓಡಿಸುವವಳೂ ಅವಳೇ. ಗಂಡ ಇಸ್ತ್ರಿ ಮೇಜು ಬಿಟ್ಟು ಅಲ್ಲಾಡುವವನಲ್ಲ. ಇವಳು ಒದ್ದೆ ನೆಲದಿಂದ ಒದ್ದೆ ಚಪ್ಪಲಿಯಲ್ಲೇ ಹತ್ತಿ, ಇಳಿದು, ಗಂಟುಗಳನ್ನು ಹಾಕಿ ತೆಗೆದು ದಿನ ಕಳೆಯುವವಳು. ಹಾಗೆ ನೀರು ಕುಡಿದು ಕುಡಿದೇ ಪಿಕಪ್ಪಿನ ಬಾಗಿಲ ಕೆಳಗಿನ ಕಬ್ಬಿಣದ ಮೆಟ್ಟಿಲುಗಳೆರಡೂ ತುಕ್ಕು ಹಿಡಿದು ಹಕ್ಕಳೆ ಎದ್ದಿದ್ದವು.

ಆ ತುಕ್ಕೇ ಅವಳಿಗೆ ನೆಪವಾಯಿತು. ಬೆಳಿಗ್ಗೆ ಪಿಕಪ್ ತಂದು ಕನ್ನಡಿಯ ಶೆಡ್ಡಿನ ಮುಂದೆ ನಿಲ್ಲಿಸಿ, ಬಿಚ್ಚಿಟ್ಟುಕೋ, ಆದ ಮೇಲೆ ನೀನೇ ಮನೆಗೆ ತಂದು ಹಾಕಿಕೊಡಬೇಕು, ಊಟ ಮಾಡದೆ ಹೋಗುವ ಹಾಗಿಲ್ಲ ಎಂದಳು. ಅಣ್ಣ ಏನಂತಾನೆ ಎಂದು ಇವನು ಕೇಳಿದ್ದಕ್ಕೆ, ಬರಲಿ ಬಿಡು ಅಂದರು, ಅವರ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು ಎಂದು ನಕ್ಕಳು. ಹೋಗುವಾಗ ಮರಳಿನ ಮಾತನ್ನು ಇನ್ನೊಮ್ಮೆ ನೆನಪಿಸಿದಳು.

ಕನ್ನಡಿ ಕೆಲಸಕ್ಕೆ ಕೂತ. ಕಚ್ಚಿಕೊಂಡಿದ್ದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಸಡಿಲಿಸಿದ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಬಿಳಿ ಲೋಹ ಕಾಣುವವರೆಗೆ ಉಜ್ಜಿದ. ಥಿನ್ನರಿನಲ್ಲಿ ಒರೆಸಿ ಕೆಂಪು ಪ್ರೈಮರ್ ಹೊಡೆದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಅವನ ಕಣ್ಣು ಮೆಟ್ಟಿಲಿನ ಮೈಮೇಲೆ ಬಿತ್ತು. ತುಕ್ಕು ತಿಂದ ಗುಳಿಗಳು, ಅರ್ಧ ಸವೆದು ಅರ್ಧ ಉಳಿದ ಉಬ್ಬುಗೆರೆಗಳು. ಇದರ ಮೇಲೆ ಮರಳು ಬೇರೆಯೇ? ಅಣ್ಣನ ಕಣ್ಣಿಗೆ ಇದು ಹೇಗೆ ಕಂಡೀತು? ಇಷ್ಟು ವರ್ಷದ ಮೇಲೆ ಅವನ ಮುಂದೆ ಇಡುವ ಕೆಲಸ ರಸ್ತೆಗೆ ಡಾಂಬರು ಬಳಿದ ಹಾಗಿರಬೇಕೇ? ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಬುದ್ಧಿ ಹೇಳುವವರು ಯಾರೂ ಪಕ್ಕದಲ್ಲಿರುವುದಿಲ್ಲ, ಇದ್ದರೂ ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕನ್ನಡಿ ಪುಟ್ಟಿ ಕಲಸಿದ. ಗುಳಿಗಳನ್ನೆಲ್ಲ ತುಂಬಿದ. ಕಾಲಿಗೆ ಹಿಡಿತ ಕೊಡುತ್ತಿದ್ದ ಆ ಉಬ್ಬುಗೆರೆಗಳನ್ನೂ ಮುಚ್ಚಿ, ಕಾರಿನ ಬಾನೆಟ್ಟಿನ ಹಾಗೆ ನೀರು ಹಾಕಿ ತಿಕ್ಕಿ ನುಣುಪು ಮಾಡಿದ. ಕಪ್ಪು ಬಣ್ಣ ಹೊಡೆದು, ಒಣಗಿಸಿ, ಮೇಲೆ ಲ್ಯಾಕರ್ ಕೊಟ್ಟ. ಹೊಳಪು ಬಂತು ನೋಡಿ, ಅವನಿಗೇ ಕಣ್ಣು ಕೀಳಲಾಗಲಿಲ್ಲ.

ಲಾಂಡ್ರಿಯ ಅಂಗಳದಲ್ಲಿ ಕನ್ನಡಿ ಮೆಟ್ಟಿಲುಗಳನ್ನು ಬಿಗಿಯುತ್ತಿದ್ದಾಗ ಅಣ್ಣ ಇಸ್ತ್ರಿ ಬಿಟ್ಟು ಹೊರಗೆ ಬಂದ. ಬಗ್ಗಿ ನೋಡಿದ. ಅಂಗೈಯಿಂದ ಉದ್ದಕ್ಕೂ ಸವರಿದ. ಪಕ್ಕದಂಗಡಿಯವನನ್ನು ಕೂಗಿ ಕರೆದು, ನನ್ನ ತಮ್ಮ ಮಾಡಿದ್ದು ಎಂದ. ನನ್ನ ತಮ್ಮ! ಕನ್ನಡಿ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಮುಖ ಆಚೆ ತಿರುಗಿಸಿದ. ಕಣ್ಣು ತುಂಬಿ ಬಂದಿತ್ತು, ಅದರಲ್ಲೇನು ಮುಚ್ಚುಮರೆ.

ಅಣ್ಣ ಒಳಗೆ ಹೋದ ಮೇಲೆ ಅತ್ತಿಗೆ ಬಂದಳು. ಚಪ್ಪಲಿ ಕಳಚಿ ಬರಿಗಾಲನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಮುಂದೆ ಜಾರಿಸಿ ನೋಡಿದಳು.

"ಮರಳು ಹಾಕ್ಲಿಲ್ವೇನೋ?"

ನಿಜ ಹೇಳಲು ಅದೇ ಹೊತ್ತು. ಬಿಚ್ಚಿಕೊಂಡು ಹೋಗಿ ಇನ್ನೊಂದು ಕೋಟು ಹೊಡೆದು ಮರಳು ಉದುರಿಸಿದ್ದರೆ ಮುಗಿಯುತ್ತಿತ್ತು. ಆದರೆ ಒಳಗಿಂದ ಅಣ್ಣ ಯಾರಿಗೋ ಫೋನಿನಲ್ಲಿ ಆ ಹೊಳಪನ್ನೇ ಬಣ್ಣಿಸುವುದು ಕೇಳುತ್ತಿತ್ತು.

"ಇದು ಬೇರೆ ಥರದ್ದು ಅತ್ತಿಗೆ. ಪೂರ್ತಿ ಒಣಗಿದ ಮೇಲೆ ತಾನೇ ಹಿಡಿತ ಬರುತ್ತೆ."

ಶುದ್ಧ ಸುಳ್ಳು. ಲ್ಯಾಕರ್ ಒಣಗಿದಷ್ಟೂ ಜಾರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದಿನ ವಾರ ಏನಾದರೂ ನೆಪ ಹೇಳಿ ತೆಗೆದುಕೊಂಡು ಹೋಗಿ ಸರಿ ಮಾಡಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಅವಳು ನಂಬಿದಳು. ತಾನು ಎತ್ತಿ ಆಡಿಸಿದ ಹುಡುಗನ ಮಾತನ್ನು ನಂಬದೆ ಇನ್ನೇನು ಮಾಡಿಯಾಳು. ಆ ದಿನ ಅಣ್ಣ ತಮ್ಮ ಒಟ್ಟಿಗೆ ಕೂತು ಉಂಡರು, ಬಡಿಸುವಾಗ ಅವಳ ಮುಖ ನೋಡಬೇಕಿತ್ತು.

ಮುಂದಿನ ವಾರದಲ್ಲಿ ಕೆಲಸ ಜಾಸ್ತಿಯಾಯಿತು. ಅದರ ಮುಂದಿನ ವಾರ ಅಣ್ಣ ಫೋನು ಮಾಡಿ, ಆಸ್ಪತ್ರೆಗೆ ಬಾ, ಇವಳು ಬಿದ್ದಿದ್ದಾಳೆ ಎಂದ. ಎಲ್ಲಿಂದ ಬಿದ್ದಳು ಎಂದು ಕನ್ನಡಿ ಕೇಳಲಿಲ್ಲ.

ಒದ್ದೆ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹತ್ತುವಾಗ ಕಾಲು ಜಾರಿ, ಬಲಗೈ ಮೈಯಡಿಗೆ ಸಿಕ್ಕಿ, ಮಣಿಕಟ್ಟು ಪುಡಿಯಾಗಿತ್ತು. ಒಳಗೆ ಪ್ಲೇಟು ಕೂರಿಸಿದ ಡಾಕ್ಟರು, ಮೂಳೆ ಕೂಡುತ್ತದೆ, ಆದರೆ ನರಕ್ಕೆ ಪೆಟ್ಟಾಗಿದೆ, ಬೆರಳಿನ ಹಿಡಿತ ಮೊದಲಿನಂತೆ ಬರುವುದು ಕಷ್ಟ ಎಂದಿದ್ದರು. ಸ್ಟಿಯರಿಂಗ್ ಹಿಡಿಯುವ ಮಾತು ಮುಗಿದಂತೆಯೇ. ಅಣ್ಣ ಹೆದರಿ ಹೋಗಿದ್ದ. ಹೆದರಿದಾಗ ಅವನು ಬೈಯುವವನು. ಒದ್ದೆ ಚಪ್ಪಲಿಯಲ್ಲಿ ಹತ್ತಬೇಡ ಅಂತ ಎಷ್ಟು ಬಡಿದುಕೊಂಡೆ, ಕೇಳಿದಳಾ, ಅವಸರಕ್ಕೆ ಹುಟ್ಟಿದವಳು ಎಂದು ಮಂಚದ ಪಕ್ಕ ನಿಂತು ಅವಳನ್ನೇ ಬೈಯುತ್ತಿದ್ದ.

"ಅಣ್ಣ, ಅದು ಅವರ ತಪ್ಪಲ್ಲ. ಆ ಮೆಟ್ಟಿಲು..." ಎಂದು ಕನ್ನಡಿ ಬಾಯಿ ತೆರೆದ.

"ಹೊಳಪು ಬೇಕು ಅಂತ ಹೇಳಿದ್ದು ನಾನೇ ರೀ," ಎಂದಳು ಅತ್ತಿಗೆ. "ಅವನು ಮರಳು ಹಾಕ್ತೀನಿ ಅಂದ, ನಾನೇ ಬೇಡ ಅಂದೆ."

ಅಣ್ಣ ತಲೆ ತಲೆ ಚಚ್ಚಿಕೊಂಡ. ಶೋಕಿ ಮಾಡಲು ಹೋಗಿ ಕೈ ಕಳೆದುಕೊಂಡೆಯಲ್ಲೇ ಎಂದು ಇನ್ನಷ್ಟು ಬೈದ. ಆಮೇಲೆ ತಮ್ಮನ ಹೆಗಲ ಮೇಲೆ ಕೈಯಿಟ್ಟು, ನಿನ್ನ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ನೀನು ಯಾಕೆ ನೊಂದುಕೊಳ್ಳುತ್ತೀ ಎಂದ. ಯಾವ ಮಾತಿಗಾಗಿ ಇಷ್ಟು ವರ್ಷ ಕಾದಿದ್ದನೋ ಆ ಮಾತು ಬಂದಾಗ ಕನ್ನಡಿಗೆ ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಆದರೂ ಅವನು ಬಾಯಿ ಬಿಡಲಿಲ್ಲ.

ಆ ಮೆಟ್ಟಿಲುಗಳನ್ನು ಬಿಚ್ಚಿ ತಂದು ಅವನೇ ಲ್ಯಾಕರು, ಪುಟ್ಟಿ ಎಲ್ಲ ಕೆರೆದು ತೆಗೆದ, ಮರಳು ಹಾಕಿ ಬಣ್ಣ ಹೊಡೆದ. ಈಗ ಅವನ್ನು ಹತ್ತುವವನು ಸಂಬಳದ ಡ್ರೈವರು. ಕನ್ನಡಿ ರಜೆಯ ದಿನಗಳಲ್ಲಿ ಲಾಂಡ್ರಿಗೆ ಹೋಗಿ ಕೈಲಾದ ಕೆಲಸ ಮಾಡುತ್ತಾನೆ. ಒಂದು ಮಧ್ಯಾಹ್ನ ಅತ್ತಿಗೆ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಅದಕ್ಕೆ ಇಬ್ಬರು ಬೇಕು. ಇವನು ಆಚೆ ತುದಿ ಹಿಡಿದ. ಈಚೆ ತುದಿ ಅವಳ ಬಲಗೈ ಬೆರಳಿಂದ ಮತ್ತೆ ಮತ್ತೆ ಜಾರಿತು. ಅವನಿಗೆ ತಡೆಯಲಾಗಲಿಲ್ಲ.

"ಅಣ್ಣಂಗೆ ಎಲ್ಲ ಹೇಳಿಬಿಡ್ತೀನಿ ಅತ್ತಿಗೆ. ನನಗೆ ಊಟ ಸೇರ್ತಿಲ್ಲ."

ಅವಳು ಬಟ್ಟೆಯ ತುದಿಯನ್ನು ಎಡಗೈಗೆ ಬದಲಾಯಿಸಿದಳು. ಮುಖದಲ್ಲಿ ಸಿಟ್ಟಿತ್ತು, ಇಲ್ಲವೆಂದರೆ ಸುಳ್ಳಾದೀತು.

"ಹೇಳಿ ನೀನು ಹಗುರ ಆಗ್ತೀಯ. ಅವರು ಮತ್ತೆ ನಿನ್ನ ಮುಖ ನೋಡಲ್ಲ. ಆಗ ನನಗೇನು ಉಳೀತು? ಕೈ ಹೋಗಿದ್ದು ನನ್ನದು. ಅದಕ್ಕೆ ಬದಲಾಗಿ ನೀವಿಬ್ಬರಾದ್ರೂ ಚೆನ್ನಾಗಿರಿ."

ಅಷ್ಟರಲ್ಲಿ ಒಳಗಿಂದ ಅಣ್ಣ, ಊಟಕ್ಕೆ ಬಾರೋ, ನಿನಗೋಸ್ಕರ ಕಾಯ್ತಿದೀನಿ ಎಂದು ಕೂಗಿದ. ಅತ್ತಿಗೆ ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು, ಹೋಗು ಎಂದಳು. ಕನ್ನಡಿ ಹೋಗಿ ಅಣ್ಣನ ಪಕ್ಕ ಕೂತು, ಬಡಿಸಿದಷ್ಟನ್ನೂ ತಿಂದ.