ಸೋರುತ್ತಿದೆಯೋ ಇಲ್ಲವೋ

ಮಾತ್ರೆ ನುಂಗಲು ತಮ್ಮ ಹಾಕಿದ್ದು ಒಂದೇ ಷರತ್ತು. ಊರವರ ಮಾತೆಲ್ಲ ತನ್ನ ರಕ್ತದ ಮೂಲಕ ತಲೆಯೊಳಗೆ ಸೋರುತ್ತಿದೆ ಎಂದು ಅವನು ನಂಬಿದ್ದ. ಹಾಗೇನೂ ಇಲ್ಲವೆಂದು ಸ್ಕ್ಯಾನ್ ಯಂತ್ರವೇ ಹೇಳಬೇಕಿತ್ತು.

ಅಕ್ಕ ಹಿಂದುಮುಂದು ನೋಡದೆ ಒಪ್ಪಿಕೊಂಡಳು. ಸ್ಕಿಜೋಫ್ರೀನಿಯಾ ಇರುವವರ ಮಿದುಳಿನ ಚಿತ್ರ ತೆಗೆಯುವ ಅಧ್ಯಯನವೊಂದು ಆಸ್ಪತ್ರೆಯಲ್ಲಿ ಆಗಷ್ಟೇ ಶುರುವಾಗಿತ್ತು. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ರಕ್ತನಾಳದ ಗೋಡೆ ತಡೆಯುತ್ತದೆ. ಈ ಕಾಯಿಲೆಯಲ್ಲಿ ಆ ತಡೆ ಸಡಿಲವಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ವೈದ್ಯೆ ಇನ್ನೂ ಏನೇನೋ ವಿವರಿಸಿದರು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ಅವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ಕಣ್ಣು ಪರೀಕ್ಷಿಸಿ ನಂಬರು ಹೇಳದೆ ಅಲ್ಲಿ ಯಾರನ್ನೂ ಕಳಿಸಿದ್ದಿಲ್ಲ. ಇಲ್ಲೂ ಹಾಗೆಯೇ ಎಂದುಕೊಂಡಳು.

ತಮ್ಮನ ತೋಳಿಗೆ ಸೂಜಿ ಚುಚ್ಚುತ್ತ ಸ್ಕ್ಯಾನಿನವನು, ಈ ದ್ರವ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದನ್ನೇ ಯಂತ್ರ ನೋಡುವುದು ಎಂದ.

“ದ್ರವ ಯಾರದ್ದು?” ತಮ್ಮ ಕೇಳಿದ.

“ಕಂಪನಿಯದ್ದಪ್ಪ. ನಮ್ಮ ಮಾವನ ಮನೇದಾಗಿದ್ರೆ ಇಷ್ಟು ಧಾರಾಳವಾಗಿ ಬರ್ತಿತ್ತಾ?”

ತಮ್ಮ ನಕ್ಕ. ಅವನು ನಕ್ಕು ಯಾವ ಕಾಲವಾಗಿತ್ತೋ. ಊಟಕ್ಕೂ ನೆಟ್ಟಗೆ ಕೂರದವನು ಯಂತ್ರದ ಬಡಿತದ ಸದ್ದಿನೊಳಗೆ ಕೊರಡಿನಂತೆ ಮಲಗಿದ. ಗಾಜಿನಾಚೆ ಅವನ ಪಾದಗಳಷ್ಟೇ ಕಾಣುತ್ತಿದ್ದವು. ಒಂದು ಕಾಲುಚೀಲ ಒಳಹೊರಗಾಗಿತ್ತು. ಇನ್ನು ದಾರಿಗೆ ಬಂದ ಎಂದುಕೊಂಡಳು ಅಕ್ಕ.

ಹೊರಗೆ ಬಂದವನೇ ವೈದ್ಯೆಯನ್ನು ಕೇಳಿದ. “ಸೋರ್ತಿದೆಯಾ, ಇಲ್ವಾ?”

ವೈದ್ಯೆ ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದರು, ಇನ್ನಷ್ಟು ಮೆತ್ತಗೆ. ಎಲ್ಲರ ಚಿತ್ರಗಳನ್ನು ಒಟ್ಟಿಗಿಟ್ಟು, ಕಾಯಿಲೆ ಇಲ್ಲದವರ ಚಿತ್ರಗಳ ಜೊತೆ ಹೋಲಿಸಿದಾಗಲೇ ಅದಕ್ಕೆ ಅರ್ಥ. “ನಿಮ್ಮೊಬ್ಬರ ಚಿತ್ರ ನೋಡಿ ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ.” ಏನೇ ಇದ್ದರೂ ಅದರೊಳಗಿಂದ ಮಾತು ಬರುವುದಿಲ್ಲ, ಮಾತ್ರೆ ಮಾತ್ರ ಬಿಡಬಾರದು ಎಂದೂ ಸೇರಿಸಿದರು. ಅಷ್ಟರಲ್ಲಿ ತಮ್ಮ ಬಾಗಿಲು ದಾಟಿಯಾಗಿತ್ತು.

ಬಸ್ಸಿನಲ್ಲಿ ಅಕ್ಕನಿಗೆ ಬೇರೆ ದಾರಿ ಹೊಳೆಯಲಿಲ್ಲ. “ನೀನು ಬಟ್ಟೆ ಬದಲಾಯಿಸುವಾಗ ನಾನೇ ಸ್ಕ್ಯಾನಿನ ಪರದೆ ನೋಡಿದೆ ಕಣೋ. ಒಂದು ಹನೀನೂ ಸೋರಿಲ್ಲ.”

ಅವನು ಕೂಗಾಡುತ್ತಾನೆಂದು ಎದೆ ಗಟ್ಟಿಮಾಡಿಕೊಂಡಿದ್ದಳು. ಅವನು ಅವಳ ಮುಖವನ್ನೇ ನೋಡಿದ. ಡಾಕ್ಟರಿಗೇ ಗೊತ್ತಾಗದ್ದು ಕನ್ನಡಕದಂಗಡಿಯವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಲೂ ಇಲ್ಲ.

“ಪಾಪ ಅಕ್ಕ,” ಎಂದ. “ಊರೋರು ನಿನ್ನೊಳಗೂ ಬಂದ್ಬಿಟ್ರು.”

ಮನೆಯಲ್ಲಿ ಅವಳು ಮಾತ್ರೆ ಚಾಚಿದಾಗ ತಕರಾರಿಲ್ಲದೆ ಕೈಗೆ ತೆಗೆದುಕೊಂಡ. ಅವಳ ಜೀವ ಒಂದು ಕ್ಷಣ ತಂಪಾಯಿತು. ಆಮೇಲೆ ಅವನು ಅವಳ ಅಂಗೈ ಬಿಡಿಸಿ, ಮಾತ್ರೆಯನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ನೀರಿನ ಲೋಟ ತಂದ.

“ನುಂಗಕ್ಕ. ಹಟ ಮಾಡ್ಬೇಡ. ನಿನ್ನ ಒಳ್ಳೇದಕ್ಕೇ ಅಲ್ವಾ ಹೇಳ್ತಿರೋದು.”

ಇಷ್ಟು ವರ್ಷ ಅವನಿಗೆ ಅವಳೇ ಹೇಳಿದ್ದ ಮಾತು ಅದು, ಅದೇ ದನಿಯಲ್ಲಿ. ಅವನು ಲೋಟ ಹಿಡಿದುಕೊಂಡು, ಸ್ವಲ್ಪವೂ ಬೇಸರಿಸದೆ, ಕಾಯುತ್ತಲೇ ಇದ್ದ.