ಬೈಕು ಆಂಬುಲೆನ್ಸೇ?

ಆ ಮನೆಯ ಅತ್ತಿಗೆ–ನಾದಿನಿಯರು ಜಗಳವಾಡದ ದಿನವಿರಲಿಲ್ಲ. ಅಡುಗೆ, ಬಟ್ಟೆ, ಬಚ್ಚಲುಮನೆ, ಇಂಥವುಗಳ ಬಗ್ಗೆ ಇಬ್ಬರಿಗೂ ಒಂದಿಷ್ಟೂ ತಕರಾರಿರಲಿಲ್ಲ. ಅವರ ಜಗಳವೆಲ್ಲ ಆಬ್ಜೆಕ್ಟ್‌ಗಳದ್ದು.

ಇಬ್ಬರೂ ಒಂದೇ ಕಚೇರಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದರು. ಯಾರಾದರೂ ತುರ್ತು ಕರೆ ಮಾಡಿದರೆ ಹತ್ತಿರದ ಯಾವ ಆಂಬುಲೆನ್ಸನ್ನು ಕಳಿಸಬೇಕು, ಯಾವ ದಾರಿಯಲ್ಲಿ, ಯಾವ ಆಸ್ಪತ್ರೆಗೆ ಎಂದು ಕ್ಷಣಾರ್ಧದಲ್ಲಿ ಹೇಳುವ ಸಾಫ್ಟ್‌ವೇರ್ ಅದು. ಅದರ ನಕ್ಷೆ ಹಾಕಿದವಳು ಅತ್ತಿಗೆ. ಅವಳ ಲೆಕ್ಕದಲ್ಲಿ ಪ್ರತಿಯೊಂದಕ್ಕೂ ಒಂದು ಆಬ್ಜೆಕ್ಟ್, ಅಂದರೆ ಒಂದು ಪೆಟ್ಟಿಗೆ, ಇರಬೇಕು. ಆಂಬುಲೆನ್ಸಿಗೊಂದು, ರೋಗಿಗೊಂದು, ಆಸ್ಪತ್ರೆಗೊಂದು. ಆಯಾ ವಸ್ತುವಿನ ಮಾಹಿತಿ, ಅದು ಮಾಡುವ ಕೆಲಸ ಎರಡೂ ಪೆಟ್ಟಿಗೆಯೊಳಗೆ; ಮುಚ್ಚಳ ಭದ್ರ. ಹೊರಗಿನವರು ಏನು ಬೇಕಾದರೂ ಅದರ ಕಿಟಕಿಯಲ್ಲಿ ನಿಂತು ಕೇಳಬೇಕೇ ಹೊರತು ಒಳಗೆ ಕೈ ಹಾಕುವಂತಿಲ್ಲ. ಒಂದು ಪೆಟ್ಟಿಗೆಯಿಂದ ಅದರದೇ ಜಾತಿಯ ಹೊಸ ಪೆಟ್ಟಿಗೆ, ಅಂದರೆ ಮರಿ, ಹುಟ್ಟಿದರೆ ತಾಯಿಯ ಗುಣವೆಲ್ಲ ಮರಿಗೆ ತಾನಾಗಿ ಬರುತ್ತದೆ. ಕಚೇರಿಯವರು ಹಿಂದಿನಿಂದ ಅವಳನ್ನು ‘ಪೆಟ್ಟಿಗೆ ಮೇಡಂ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ನಾದಿನಿ ಸೇರಿದ್ದು ಈಚೆಗೆ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಅವಳಿಗೆ ಮೊದಲ ವಾರದಲ್ಲೇ ‘ಚಿನಕುರಳಿ’ ಎಂಬ ಹೆಸರು ಅಂಟಿಕೊಂಡಿತು. ಅವಳಿಗೆ ಈ ಪೆಟ್ಟಿಗೆಗಳನ್ನು ಕಂಡರೆ ಮೈ ಉರಿ. ಮಾಹಿತಿಯೆಲ್ಲ ಒಂದೆಡೆ ಕಣ್ಣಿಗೆ ಕಾಣುವಂತೆ ಇರಲಿ, ಅದರ ಮೇಲೆ ಕೆಲಸ ಮಾಡುವ ಪುಟ್ಟ ಪುಟ್ಟ ಫಂಕ್ಷನ್‌ಗಳಿರಲಿ, ಅಷ್ಟು ಸಾಕು ಎನ್ನುವುದು ಅವಳ ವಾದ.

“ಅತ್ತಿಗೆ, ಇವತ್ತು ಒಂದು ಫೋನ್ ನಂಬರ್ ತಿದ್ದೋಕೆ ನಾನು ಪಟ್ಟ ಪಾಡು ನನಗೇ ಗೊತ್ತು,” ಎಂದಳು ಒಂದು ಸಂಜೆ, ಈರುಳ್ಳಿ ಹೆಚ್ಚುತ್ತಾ. “ಈ ಪೆಟ್ಟಿಗೆ ಆ ಪೆಟ್ಟಿಗೇನ ಕೇಳು ಅನ್ನುತ್ತೆ. ಅದು ಮತ್ತೊಂದರ ಕಡೆ ಕೈ ತೋರಿಸುತ್ತೆ. ಕಚೇರಿ ಕಚೇರಿ ಅಲೆದು ಸೀಲ್ ಹಾಕಿಸಿಕೊಂಡ ಹಾಗಾಯ್ತು.”

“ಅಲೆದೆ ನಿಜ. ಏನಾದ್ರೂ ಕೆಡಿಸಿದೆಯಾ?”

“ಇಲ್ಲ.”

“ಅದಕ್ಕೇ ಕಣೇ ಮುಚ್ಚಳ ಇರೋದು!”

ನಡುವೆ ಕೂತು ತಟ್ಟೆ ಒರೆಸುತ್ತಿದ್ದ ಚಿನಕುರಳಿಯ ಅಣ್ಣ ಹಲ್ಲಿನ ಡಾಕ್ಟರು. “ನನ್ನ ಪೇಷೆಂಟ್‌ಗಳೇ ವಾಸಿ,” ಎಂದ. “ಬಾಯಿ ತೆಗೆದ್ರೂ ಮಾತಾಡಲ್ಲ.” ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿ ಕಣ್ಣು ಬಿಟ್ಟರು. ಅವನು ತಟ್ಟೆಯ ಮೇಲೆ ಗಮನ ಇಟ್ಟ.

ಹೀಗಿರುವಾಗ ಊರಿನ ಆಂಬುಲೆನ್ಸ್ ಕೇಂದ್ರದವರು ಬೈಕುಗಳನ್ನು ತಂದರು. ವಾಹನಗಳ ಸಂದಣಿಯಲ್ಲಿ ನುಸುಳಿ, ಸಂದಿಗೊಂದಿಗಳಲ್ಲಿ ತೂರಿ ಹೋಗುವ ಬೈಕು. ಅದರ ಮೇಲೆ ತರಬೇತಾದ ನರ್ಸು, ಬೆನ್ನಿಗೆ ಔಷಧಿ, ಆಮ್ಲಜನಕದ ಚೀಲ. ಇವನ್ನೂ ಸಾಫ್ಟ್‌ವೇರಿಗೆ ಸೇರಿಸಿಕೊಡಿ ಎಂದರು. ಸೇರಿಸುವುದು ಹೇಗೆ ಎಂಬ ಮೀಟಿಂಗಿನಲ್ಲಿ ಅತ್ತಿಗೆ–ನಾದಿನಿ ಎಷ್ಟು ಏರಿದ ದನಿಯಲ್ಲಿ ವಾದಿಸಿದರೆಂದರೆ ಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿದರು. ಬಾಸ್ ಎರಡೂ ಕೈ ಮೇಲೆತ್ತಿದರು.

“ಸಾಕು ತಾಯಂದಿರಾ. ಶುಕ್ರವಾರ ಮಧ್ಯಾಹ್ನ ದೊಡ್ಡ ಹಾಲ್‌ನಲ್ಲಿ ಎಲ್ಲರ ಎದುರಿಗೆ ವಾದ ಮಾಡಿ. ಬರೀ ಮಾತಲ್ಲ, ಇಬ್ಬರೂ ನಿಮ್ಮ ನಿಮ್ಮ ರೀತೀಲಿ ಬೈಕ್ ಸೇರಿಸ್ಕೊಂಡು ಬನ್ನಿ, ಓಡಿಸಿ ತೋರಿಸಿ. ಯಾರದ್ದು ಗೆಲ್ಲುತ್ತೋ ಮುಂದಿನ ಕೆಲಸ ಎಲ್ಲ ಅವರ ದಾರೀಲಿ.”

ಚಿನಕುರಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇಷ್ಟು ದಿನ ಅವಳು ‘ಮೇಡಂ ನಾದಿನಿ’. ಈಗ ‘ಮೇಡಂ ಎದುರಾಳಿ’! ಶುಕ್ರವಾರ ಬೆಳಗ್ಗೆ ಎಂದಿನಂತೆ ಒಂದೇ ಸ್ಕೂಟರಿನಲ್ಲಿ ಹೊರಟರು. ಮುಂದೆ ಅತ್ತಿಗೆ, ಹಿಂದೆ ಇವಳು. ಇಬ್ಬರ ತುಟಿಗಳೂ ಅಲುಗುತ್ತಿದ್ದವು, ಒಬ್ಬರ ಮಾತೂ ಇನ್ನೊಬ್ಬರಿಗಲ್ಲ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋದವನು ಇಬ್ಬರನ್ನೂ ಒಮ್ಮೆ ನೋಡಿ ಗಾಡಿಯನ್ನು ತುಸು ದೂರ ಸರಿಸಿಕೊಂಡ.

ಮಧ್ಯಾಹ್ನ ಹಾಲ್ ತುಂಬಿತ್ತು. ಕುರ್ಚಿ ಸಿಗದವರು ಕಿಟಕಿ ಕಟ್ಟೆ ಹತ್ತಿ ಕೂತಿದ್ದರು. ಅತ್ತಿಗೆ ಮೊದಲು ಮಾತಾಡಿದಳು. ಸಾಫ್ಟ್‌ವೇರ್ ಬರೆಯುವುದು ಇವತ್ತಿಗಲ್ಲ, ನಮ್ಮ ನಂತರ ಬರುವವರಿಗೆ ಎಂದಳು. ಯಾರು ಬೇಕಾದರೂ ಯಾವುದನ್ನು ಬೇಕಾದರೂ ಮುಟ್ಟುವ ಹಾಗಿದ್ದರೆ ಒಬ್ಬರ ತಪ್ಪು ಊರಿನ ಆಂಬುಲೆನ್ಸುಗಳನ್ನೆಲ್ಲ ನಿಲ್ಲಿಸೀತು ಎಂದಳು. ಜೋರು ಚಪ್ಪಾಳೆ ಬಿತ್ತು.

ಚಿನಕುರಳಿ ಎದ್ದಳು. ಬಾಯಿ ತೆರೆದದ್ದೇ ತಡ, ಮಾತು ತಾನಾಗಿ ಹರಿಯಿತು. “ಮುಂದೆ ಬರೋರಿಗೆ ಅಂತ ಕಟ್ಟಿದ್ದೀವಿ ಸರಿ. ಆದ್ರೆ ಬಂದೋರು ನಾವೇ ಅಲ್ವಾ? ಒಂದು ಸಾಲು ಹುಡುಕೋಕೆ ನಮಗೇ ಅರ್ಧ ದಿನ ಹಿಡಿಯುತ್ತೆ. ಓದೋಕೆ ಆಗದೇ ಇರೋದು ಭದ್ರವಾಗಿದ್ದು ಏನು ಬಂತು?” ಕಿಟಕಿ ಕಟ್ಟೆಯವರು ಶಿಳ್ಳೆ ಹೊಡೆದರು. ಅತ್ತಿಗೆ ಕೂಡ ತಡೆಯಲಾರದೆ ನಕ್ಕಳು.

ಇನ್ನು ಓಡಿಸಿ ತೋರಿಸುವ ಸರದಿ. ಪರೀಕ್ಷೆಯ ಉಸ್ತುವಾರಿ ಕಿರಿಕ್‌ನದು. ಎಂಥ ಒಳ್ಳೆಯ ಕೆಲಸದಲ್ಲೂ ಹುಳುಕು ಹುಡುಕುತ್ತಿದ್ದುದರಿಂದ ಅವನಿಗೆ ಆ ಹೆಸರು. ಹುಡುಕುವುದಕ್ಕೇ ಅವನಿಗೆ ಸಂಬಳ. ಅವನು ಗೋಡೆಯ ಪರದೆ ಮೇಲೆ ಒಂದು ಸುಳ್ಳು ಊರನ್ನು ಮೂಡಿಸಿ, ಅದಕ್ಕೆ ಸುಳ್ಳು ಕರೆಗಳನ್ನು ಬಿಡತೊಡಗಿದ. ಬಿಡುವಾಗಿರುವ ವಾಹನ ಹಸಿರು, ಕೆಲಸದಲ್ಲಿರುವುದು ಕೆಂಪು.

ಮೊದಲು ಚಿನಕುರಳಿಯದು. ಕರೆ ಬಂತು, ಬೈಕು ಚಿಮ್ಮಿತು. ಮತ್ತೊಂದು ಕರೆ, ಮತ್ತೊಂದು ಬೈಕು. ಎಷ್ಟು ಚುರುಕು! ಅವಳು ಅಣ್ಣನಿಗೆ ‘ಗೆದ್ದೆ’ ಎಂದು ಮೆಸೇಜು ಕಳಿಸಲು ಫೋನು ತೆಗೆದಿದ್ದಳು. ಅಷ್ಟರಲ್ಲಿ ಯಾರೋ, “ಬೈಕೆಲ್ಲ ಯಾಕೆ ಕೆಂಪಾದವು?” ಎಂದರು. ನೋಡಿದರೆ ಹೌದು. ಒಮ್ಮೆ ಹೋದ ಬೈಕು ಮತ್ತೆ ಹಸಿರಾಗಲೇ ಇಲ್ಲ. ಕರೆಗಳು ಸಾಲುಗಟ್ಟಿದವು.

ಅವಳು ಫೋನು ಬದಿಗಿಟ್ಟು ಸಾಫ್ಟ್‌ವೇರಿನ ಸಾಲುಗಳ ಮೇಲೆ ಕಣ್ಣಾಡಿಸಿದಳು. ರೋಗಿಯನ್ನು ಆಸ್ಪತ್ರೆಗೆ ಇಳಿಸಿದ ಮೇಲೆ ವಾಹನ ಬಿಡುವಾಯಿತು ಎಂದು ಹೇಳುವ ಒಂದು ಸಾಲಿತ್ತು. ಬೈಕಿನ ನರ್ಸು ಇದ್ದಲ್ಲೇ ಚಿಕಿತ್ಸೆ ಕೊಟ್ಟು ಮರಳುವುದು, ಬೈಕು ಆಸ್ಪತ್ರೆಗೆ ಹೋಗುವುದೇ ಇಲ್ಲವಲ್ಲ! ‘ಬೈಕಾಗಿದ್ದರೆ ಹೀಗೆ ಮಾಡು’ ಎಂದು ಎಲ್ಲೆಲ್ಲೋ ಸೇರಿಸಿದ್ದವಳು ಅಲ್ಲಿ ಸೇರಿಸುವುದನ್ನು ಮರೆತಿದ್ದಳು.

“ನನ್ನ ಪದ್ಧತೀಲಿ ಇಂಥ ಮರೆವಿಗೆ ಜಾಗಾನೇ ಇಲ್ಲ,” ಎಂದು ಅತ್ತಿಗೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಅವಳ ಬೈಕು ಆಂಬುಲೆನ್ಸ್ ಪೆಟ್ಟಿಗೆಯ ಮರಿ. ತಾಯಿ ಮಾಡುವುದನ್ನೆಲ್ಲ ಹುಟ್ಟುತ್ತಲೇ ಕಲಿತು ಬಂದದ್ದು. ಕಿರಿಕ್ ಒಂದು ಕರೆ ಬಿಟ್ಟ: ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡವರು. ಹತ್ತಿರ ಇದ್ದದ್ದು ಬೈಕು. ಅದು ಹೋಯಿತು, ತಲುಪಿತು. ಪರದೆಯ ಮೇಲೆ ಅಕ್ಷರ ಮೂಡಿತು: ‘ರೋಗಿಯನ್ನು ಆಸ್ಪತ್ರೆಗೆ ಒಯ್ಯಲಾಗುತ್ತಿದೆ.’

ಕಿರಿಕ್ ಆ ಅಕ್ಷರಗಳತ್ತ ಬೆರಳು ತೋರಿಸಿದ.

“ಮೇಡಂ,” ಎಂದ ಕಿರಿಕ್, “ಮುರಿದ ಕಾಲಿನವರನ್ನ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಹೊರಟಿದ್ದೀರಿ. ಹೆಲ್ಮೆಟ್ ಆದ್ರೂ ಕೊಟ್ಟಿದ್ದೀರಾ?”

ನಗುವಿನ ಅಲೆಗೆ ಛಾವಣಿ ಹಾರಿಹೋಗಬೇಕಿತ್ತು. ಅತ್ತಿಗೆಯ ಮುಖ ಕೆಂಪಡರಿತು. “ಒಂದು ನಿಮಿಷ. ಬೈಕಿನ ಪೆಟ್ಟಿಗೇಲಿ ಒಯ್ಯೋ ಕೆಲಸಾನ ತಡೆದುಬಿಡ್ತೀನಿ. ಕೇಳಿದ್ರೆ ಆಗಲ್ಲ ಅನ್ನಲಿ.”

“ಬೇಡ ಅತ್ತಿಗೆ!” ಚಿನಕುರಳಿ ಎಗರಿ ನಿಂತಳು. ಕಚೇರಿಯಲ್ಲಿ ‘ಮೇಡಂ’ ಎನ್ನಬೇಕೆಂಬುದೂ ಮರೆತುಹೋಗಿತ್ತು. “ಆಂಬುಲೆನ್ಸ್ ಅಂತ ನಂಬಿ ಕೇಳಿದಾಗ ಅದು ನಡುದಾರೀಲಿ ಕೈ ಎತ್ತಿದ್ರೆ ರೋಗಿ ಗತಿ?”

ಅತ್ತಿಗೆ ಕೀಬೋರ್ಡಿನಿಂದ ಬೆರಳು ತೆಗೆದಳು. “ಹೌದಲ್ವಾ,” ಎಂದಳು ನಿಧಾನಕ್ಕೆ. “ತಾಯಿ ಜಾಗದಲ್ಲಿ ಮರಿ ನಿಲ್ಲಿಸಿದ್ರೆ ಯಾರಿಗೂ ತೊಂದರೆ ಆಗಬಾರದು. ಹೊಸಬರಿಗೆಲ್ಲ ಈ ಪಾಠ ಹೇಳ್ಕೊಡೋಳೇ ನಾನು. ಹಾಗಾದ್ರೆ... ಬೈಕು ಆಂಬುಲೆನ್ಸೇ ಅಲ್ಲ!”

“ಆಂಬುಲೆನ್ಸಿನದೂ ಒಂದೇ ಕೆಲಸ ಅಲ್ಲ ಅತ್ತಿಗೆ! ಎರಡು! ಒಂದು ಚಿಕಿತ್ಸೆ ಕೊಡೋದು, ಇನ್ನೊಂದು ಹೊತ್ತೊಯ್ಯೋದು. ಬೈಕಿಗೆ ಮೊದಲನೇದು ಮಾತ್ರ ಬರುತ್ತೆ. ನಾವು ‘ನೀನು ಯಾರು’ ಅಂತ ಕೇಳ್ತಾ ಕೂತಿದ್ವಿ. ‘ನಿನಗೇನು ಬರುತ್ತೆ’ ಅಂತ ಕೇಳಿದ್ರೆ ಆಯ್ತಲ್ಲ!”

ಇಬ್ಬರೂ ಬೋರ್ಡಿನ ಕಡೆಗೆ ಧಾವಿಸಿದರು. ಅಲ್ಲಿದ್ದದ್ದು ಒಂದೇ ಮಾರ್ಕರ್. ಒಬ್ಬಳು ಗೆರೆ ಎಳೆದರೆ ಇನ್ನೊಬ್ಬಳು ಕಸಿದುಕೊಂಡು ಬಾಣ ಹಾಕಿದಳು. ತಾಯಿ–ಮರಿ ಸಂಬಂಧವನ್ನೆಲ್ಲ ಅತ್ತಿಗೆ ತನ್ನ ಕೈಯಾರೆ ಅಳಿಸಿದಳು. ಆಮೇಲೆ ಚಿನಕುರಳಿ ಎಲ್ಲ ಮುಚ್ಚಳಗಳನ್ನೂ ಅಳಿಸಲು ಹೋದಾಗ ಗಟ್ಟಿಯಾಗಿ ಅವಳ ಮಣಿಕಟ್ಟು ಹಿಡಿದಳು.

“ಅದು ಇರಲಿ. ಕೆಲಸ ಯಾವಾಗ ಮುಗೀತು ಅನ್ನೋದು ಆ ಕೆಲಸದ ಪೆಟ್ಟಿಗೆ ಒಳಗೇ ಇರಬೇಕು. ಹೊರಗಿನವರಿಗೆ ಬಿಟ್ರೆ ಮರೀತಾರೆ.”

‘ಮರೀತಾರೆ’ ಎಂದರೆ ಯಾರೆಂದು ಕೇಳಬೇಕಾಗಿರಲಿಲ್ಲ. ಚಿನಕುರಳಿಯ ಕಿವಿ ಬಿಸಿಯಾಯಿತು. “ಇರಲಿ,” ಎಂದಳು. “ಆದ್ರೆ ಪೆಟ್ಟಿಗೆ ಚಿಕ್ಕದಿರಲಿ.”

“ಚಿಕ್ಕದೇ. ಒಂದೇ ಕಿಟಕಿ.”

“ಅಲ್ಲಮ್ಮಾ, ಗೆದ್ದೋರು ಯಾರು?” ಎಂದು ಬಾಸ್ ಕೇಳಿದರು. ಯಾರೂ ಅವರ ಕಡೆ ತಿರುಗಲಿಲ್ಲ. ಕಿಟಕಿ ಕಟ್ಟೆಯವರೂ ಇಳಿದು ಬಂದು ಬೋರ್ಡಿಗೆ ಮುತ್ತಿಕೊಂಡು, ಅದು ಹಾಗಿರಲಿ, ಇದು ಹೀಗಿರಲಿ ಎಂದು ತಲೆಗೊಂದು ಮಾತು ಹೇಳುತ್ತಿದ್ದರು. ಬೋರ್ಡಿನ ಮೇಲಿದ್ದದ್ದನ್ನು ಇಬ್ಬರೂ ಸೇರಿ ಕಂಪ್ಯೂಟರಿಗೆ ಇಳಿಸಿದರು. ಸಂಜೆಯ ಹೊತ್ತಿಗೆ ಕಿರಿಕ್ ಅದರ ಮೇಲೆ ತನ್ನ ಬತ್ತಳಿಕೆಯಲ್ಲಿದ್ದ ಕರೆಗಳನ್ನೆಲ್ಲ ಪ್ರಯೋಗಿಸಿ ಸೋತು, ಕೊನೆಗೆ ಪರದೆಗೆ ಸಣ್ಣದೊಂದು ಸಲಾಮು ಹೊಡೆದ. ಅವನು ಹಾಗೆ ಮಾಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಕೆಲವು ವಾರಗಳ ನಂತರ ನಿಜವಾದ ಬೈಕುಗಳು ನಿಜವಾದ ಬೀದಿಗೆ ಇಳಿದವು. ಆ ಬೆಳಗ್ಗೆ ಇಬ್ಬರೂ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ, ಕರೆ ಸ್ವೀಕರಿಸುವ ಹೆಂಗಸಿನ ಹಿಂದೆ ನಿಂತಿದ್ದರು. ಕರೆ ಬಂತು: ಗಂಟಲಲ್ಲಿ ಏನೋ ಸಿಕ್ಕಿಕೊಂಡು ಉಸಿರಾಡಲಾಗದ ಒಬ್ಬ ಮುದುಕ. ಮಾರುಕಟ್ಟೆಯ ಹಿಂದಿನ ಓಣಿ. ಸಾಫ್ಟ್‌ವೇರ್ ತಾನಾಗಿ ಎರಡು ವಾಹನ ಆರಿಸಿತು. ಚಿಕಿತ್ಸೆಗೆ ಬೈಕು, ಒಯ್ಯಲು ಆಂಬುಲೆನ್ಸು. ಬೈಕಿನ ಚುಕ್ಕೆ ಓಣಿಯೊಳಗೆ ಸರಸರ ಸರಿಯಿತು. ಆಂಬುಲೆನ್ಸಿನದು ಇನ್ನೂ ದೊಡ್ಡ ರಸ್ತೆಯ ಸಂದಣಿಯಲ್ಲೇ ತೆವಳುತ್ತಿತ್ತು. ಚಿನಕುರಳಿ ಅತ್ತಿಗೆಯ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಮೂಡಿತ್ತು. ಆ ಹೆಂಗಸು ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ಕೇಳಿಸಿಕೊಂಡಳು.

“ಉಸಿರಾಡ್ತಿದ್ದಾರಂತೆ,” ಎಂದಳು. “ನರ್ಸ್‌ಗೇ ಬೈತಿದ್ದಾರಂತೆ, ಬೆನ್ನಿಗೆ ಜೋರಾಗಿ ಗುದ್ದಿದ್ರು ಅಂತ.”

ಅತ್ತಿಗೆ ಮೀಟಿಂಗಿನಲ್ಲಿ ವಾದ ಮಾಡುವಾಗ ಬಿಟ್ಟರೆ ನಾಲ್ಕು ಜನರೆದುರು ದನಿ ಏರಿಸಿದವಳಲ್ಲ. ಈಗ “ಹೋ!” ಎಂದು ಕೂಗಿ, ನಾದಿನಿಯನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಕಂಟ್ರೋಲ್ ರೂಮಿನವರು ತುಟಿಯ ಮೇಲೆ ಬೆರಳಿಟ್ಟು ಬಾಗಿಲು ತೋರಿಸಿದರು.

ಹೊರಗೆ ಬಂದು ಗೋಡೆಗೊರಗಿ ಇಬ್ಬರೂ ಏದುಸಿರು ಬಿಟ್ಟರು. “ವಾಹನಗಳ ಭಾಗ ಇನ್ನು ಮೇಲೆ ನೀನೇ ನೋಡ್ಕೊ,” ಎಂದಳು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತಾ. “ಬಾಸ್‌ಗೆ ಹೇಳಿದ್ದೀನಿ.”

ಚಿನಕುರಳಿ ಅತ್ತಿಗೆಯ ಕೈಯಿಂದ ಸ್ಕೂಟರಿನ ಕೀಲಿ ಕಸಿದುಕೊಂಡಳು. “ಹಾಗಾದ್ರೆ ಇವತ್ತು ಸ್ಕೂಟರ್ ಓಡಿಸೋದೂ ನಾನೇ ಅತ್ತಿಗೆ!” ಎಂದಳು.